ನಾಲ್ಕು ತಿಂಗಳ ಮಳೆಗೆ ಮನೆಮಂದಿಯ ಆರೋಗ್ಯ ಸಿದ್ಧವಿದೆಯೇ?

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದವೆಂದರೆ ಪುತ್ತೂರು, ಸುಳ್ಯ, ಕಡಬದ ಕಡೆ ಮಳೆಗಾಲದ ತಯಾರಿ ಶುರುವಾಯಿತೆಂದೇ ಅರ್ಥ. ಬಚ್ಚಲಿಗೆ ಒಣ ಸೌದೆ, ಕೊಟ್ಟಿಗೆಗೆ ತರಗೆಲೆ, ಅಟ್ಟಕ್ಕೆ ತೆಂಗಿನಕಾಯಿ, ಭರಣಿಗೆ ಉಪ್ಪಿನಕಾಯಿ, ಡಬ್ಬಕ್ಕೆ ಹಪ್ಪಳ ಎಲ್ಲವೂ ಜೂನ್ ತಿಂಗಳ ಮೊದಲೇ ಒಳಗೆ ಸೇರಬೇಕು. ಅಡಿಕೆ ತೋಟಕ್ಕೆ ಮದ್ದು ಬಿಡಲು ಮೈಲುತುತ್ತು, ಸುಣ್ಣ ಬಂದಿರಬೇಕು. ಇಷ್ಟೆಲ್ಲ ಮುಂದಾಲೋಚನೆ ಇರುವ ಮನೆಗಳಲ್ಲಿಯೂ ಮರೆತುಹೋಗುವ ಸಂಗತಿ ಒಂದಿದೆ. ಅದು ಮನೆಮಂದಿಯ ಆರೋಗ್ಯದ ತಯಾರಿ.

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲ ಬರುವ ಮೊದಲೇ ಜನರು ಔಷಧಿ, ಆಹಾರ, ಉರುವಲು ಕೂಡಿಟ್ಟುಕೊಳ್ಳುತ್ತಾರೆ. ರಸ್ತೆ ಮುಚ್ಚಿದರೆ ಏನು ಮಾಡಬೇಕೆಂದು ಮೊದಲೇ ಯೋಚಿಸಿರುತ್ತಾರೆ. ನಮ್ಮಲ್ಲಿ ಹಿಮವಿಲ್ಲ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ನಮ್ಮ ಪಾಲಿಗೆ ಅಷ್ಟೇ ದೀರ್ಘ, ಅಷ್ಟೇ ಕಠಿಣ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಬೆಂಗಳೂರಿನ ಮಳೆಗೆ ಹೋಲಿಸಿದರೆ ಇದು ಸರಿಸುಮಾರು ನಾಲ್ಕು ಪಟ್ಟು. ಅದರಲ್ಲಿ ಹೆಚ್ಚಿನ ಪಾಲು ಈ ನಾಲ್ಕು ತಿಂಗಳಲ್ಲಿಯೇ ಸುರಿದು ಹೋಗುತ್ತದೆ. ಕುಮಾರಧಾರಾ, ಪಯಸ್ವಿನಿ, ನೇತ್ರಾವತಿ ನದಿಗಳು ತುಂಬಿ ಹರಿಯುವ ಈ ದಿನಗಳಲ್ಲಿ ಕಾಯಿಲೆ ಬರುವುದು ಒಂದು ಕಷ್ಟವಾದರೆ, ಬಂದ ಕಾಯಿಲೆಗೆ ಸಮಯಕ್ಕೆ ಚಿಕಿತ್ಸೆ ಸಿಗದಿರುವುದು ಇನ್ನೂ ದೊಡ್ಡ ಕಷ್ಟ.

ಒದ್ದೆ, ತಂಪು ಮತ್ತು ಶೀತ

ಮಳೆಯಲ್ಲಿ ನೆನೆದರೆ ಶೀತವಾಗುತ್ತದೆ ಎಂಬುದು ಎಲ್ಲರ ನಂಬಿಕೆ. ನಿಜವಾಗಿ ಶೀತ, ಕೆಮ್ಮು, ಫ್ಲೂ ಬರುವುದು ವೈರಸ್‌ಗಳಿಂದ. ಮಳೆಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿ ಎಲ್ಲರೂ ಒಂದೇ ಕೋಣೆಯಲ್ಲಿ ಇರುವುದರಿಂದ, ಶಾಲೆಯಲ್ಲಿ ಮಕ್ಕಳು ಒತ್ತಾಗಿ ಕೂರುವುದರಿಂದ ಅವು ಬೇಗ ಹರಡುತ್ತವೆ. ಹಾಗೆಂದು ನೆನೆದ ಬಟ್ಟೆಯಲ್ಲೇ ಇರಬಹುದೆಂದಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ದೇಹದ ಶಾಖವನ್ನು ಸೆಳೆಯುತ್ತದೆ. ಎಳೆಯ ಮಕ್ಕಳಿಗೂ ವೃದ್ಧರಿಗೂ ಇದು ಬೇಗ ತಟ್ಟುತ್ತದೆ. ಶಾಲೆಗೆ ಹೋಗುವ ಮಗುವಿನ ಚೀಲದಲ್ಲಿ ಪ್ಲಾಸ್ಟಿಕ್ ಲಕೋಟೆಯೊಳಗೆ ಒಂದು ಜೊತೆ ಒಣಬಟ್ಟೆ ಇಟ್ಟು ಕಳುಹಿಸಿ.

ಚಳಿಗೆ ಸ್ವಲ್ಪ ಮದ್ಯ ಒಳ್ಳೆಯದು ಎಂಬ ಮಾತು ತಪ್ಪು. ಮದ್ಯದಿಂದ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ಮೈ ಬೆಚ್ಚಗಾದಂತೆ ತೋರುತ್ತದೆ. ಆದರೆ ಆ ದಾರಿಯಿಂದಲೇ ಒಳಗಿನ ಶಾಖ ಹೊರಗೆ ಹೋಗುತ್ತದೆ. ಕುಡಿದು ತೋಡು ದಾಟಲು ಹೋಗುವವರ ಅಪಾಯವನ್ನು ಬೇರೆ ಹೇಳಬೇಕಾಗಿಲ್ಲ.

ಆಸ್ತಮಾ ಇರುವವರಿಗೆ ಮಳೆಗಾಲದ ಎರಡು ಶತ್ರುಗಳೆಂದರೆ ಗೋಡೆಯ ಬೂಷ್ಟು ಮತ್ತು ಹಸಿ ಸೌದೆಯ ಹೊಗೆ. ಬಟ್ಟೆಗಳನ್ನು ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಒಣಗಿಸುವ ಮನೆಗಳಲ್ಲಿ ಹೊಗೆಯ ಜೊತೆಗೆ ಬೆಂಕಿಯ ಭಯವೂ ಇದೆ. ಮಳೆ ಬಿಟ್ಟ ಹೊತ್ತಿನಲ್ಲಿ ಕಿಟಕಿ ತೆರೆದು ಗಾಳಿಯಾಡಲು ಬಿಡಿ. ವೈದ್ಯರು ಹೇಳಿದ ಇನ್‌ಹೇಲರನ್ನು ಉಬ್ಬಸ ಕಡಿಮೆಯಾಯಿತೆಂದು ನಿಲ್ಲಿಸಬೇಡಿ. ಬೆಚ್ಚಗಾಗಲೆಂದು ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗುವುದಾಗಲಿ, ಕರೆಂಟು ಹೋದಾಗ ಮನೆಯೊಳಗೆ ಜನರೇಟರ್ ಚಾಲೂ ಮಾಡುವುದಾಗಲಿ ಸರ್ವಥಾ ಕೂಡದು. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿಯೇ ಪ್ರಾಣ ತೆಗೆಯಬಲ್ಲದು.

ಜ್ವರ ಬಂದರೆ ಎಷ್ಟು ದಿನ ಕಾಯಬಹುದು?

"ಡಾಕ್ಟ್ರೇ, ಸ್ವಲ್ಪ ಜ್ವರ ಉಂಟು, ಮೈಕೈ ನೋವು. ಒಂದು ಇಂಜೆಕ್ಷನ್ ಕೊಟ್ಟುಬಿಡಿ, ನಾಳೆ ಮದ್ದು ಬಿಡ್ಲಿಕ್ಕುಂಟು." ಮಳೆಗಾಲದಲ್ಲಿ ನಮ್ಮ ಕಡೆಯ ವೈದ್ಯರೆಲ್ಲ ದಿನಕ್ಕೊಮ್ಮೆಯಾದರೂ ಕೇಳುವ ಮಾತಿದು. ಮೂರು ದಿನ ಮನೆಯಲ್ಲಿ ಕಷಾಯ, ಎರಡು ದಿನ ಅಂಗಡಿಯ ಮಾತ್ರೆ, ಆಮೇಲೆ ಇಂಜೆಕ್ಷನ್. ಹೀಗೆ ವಾರ ಕಳೆಯುವುದರೊಳಗೆ ಕೆಲವರ ಮೂತ್ರಪಿಂಡ ಕೆಟ್ಟಿರುತ್ತದೆ. ಆದ್ದರಿಂದ ಮಳೆಗಾಲದ ಎರಡು ಜ್ವರಗಳನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕು.

ಮೊದಲನೆಯದು ಇಲಿಜ್ವರ. ವೈದ್ಯಕೀಯದಲ್ಲಿ ಇದಕ್ಕೆ ಲೆಪ್ಟೊಸ್ಪೈರೋಸಿಸ್ ಎಂದು ಹೆಸರು. ಇದರ ಉಗ್ರರೂಪವನ್ನು 1886ರಲ್ಲಿ ಜರ್ಮನಿಯ ವೈದ್ಯ ಅಡಾಲ್ಫ್ ವೈಲ್ ವಿವರಿಸಿದರು. ರೋಗಾಣು ಇಲಿಗಳ ಮೂತ್ರದಲ್ಲಿರುತ್ತದೆ. ದನ, ನಾಯಿ, ಹಂದಿಗಳ ಮೂತ್ರದಲ್ಲಿಯೂ ಇರಬಹುದು. ಅದು ನೀರಿಗೆ, ಕೆಸರಿಗೆ ಸೇರಿ, ನಮ್ಮ ಕಾಲಿನ ಬಿರುಕು, ಗಾಯ ಅಥವಾ ಕಣ್ಣು ಬಾಯಿಯ ಒಳಪೊರೆಯ ಮೂಲಕ ದೇಹ ಸೇರುತ್ತದೆ. ಬರಿಗಾಲಲ್ಲಿ ತೋಟದ ಕಣಿ ಬಿಡಿಸುವವರು, ಗದ್ದೆಗೆ ಇಳಿಯುವವರು, ಕೊಟ್ಟಿಗೆ ತೊಳೆಯುವವರು ಇದಕ್ಕೆ ಸುಲಭವಾಗಿ ತುತ್ತಾಗುತ್ತಾರೆ. ರೋಗಾಣು ಸೇರಿದ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಹಠಾತ್ತನೆ ಜ್ವರ, ತೀವ್ರ ತಲೆನೋವು, ಕಣ್ಣು ಕೆಂಪಾಗುವುದು ಕಾಣಿಸುತ್ತದೆ. ಮುಖ್ಯ ಗುರುತೆಂದರೆ ಮೀನಖಂಡದ ನೋವು. ಒತ್ತಿದರೆ ರೋಗಿ ಚೀರುವಷ್ಟು ನೋವಿರಬಹುದು. ಕಣ್ಣು ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು, ಕೆಮ್ಮಿನಲ್ಲಿ ರಕ್ತ, ಏದುಸಿರು ಇವು ಅಪಾಯದ ಚಿಹ್ನೆಗಳು.

ಸಮಾಧಾನದ ಸಂಗತಿಯೆಂದರೆ ಆರಂಭದಲ್ಲಿಯೇ ಹಿಡಿದರೆ ಡಾಕ್ಸಿಸೈಕ್ಲಿನ್, ಪೆನಿಸಿಲಿನ್‌ನಂತಹ ಹಳೆಯ, ಅಗ್ಗದ ಔಷಧಿಗಳಿಂದಲೇ ಇದು ಗುಣವಾಗುತ್ತದೆ. ವೈದ್ಯರಲ್ಲಿ "ನಾನು ಕೆಸರಿನಲ್ಲಿ ಕೆಲಸ ಮಾಡಿದ್ದೆ" ಎಂದು ಹೇಳಲು ಮರೆಯಬೇಡಿ. ಆ ಒಂದು ಮಾತಿನಿಂದ ರೋಗ ಬೇಗ ಪತ್ತೆಯಾಗಬಹುದು. ಕಣಿ, ಗದ್ದೆಯ ಕೆಲಸಕ್ಕೆ ಗಂಬೂಟು ಧರಿಸಿ. ಕಾಲಿನಲ್ಲಿ ಗಾಯವಿದ್ದರೆ ಕೆಸರಿಗೆ ಇಳಿಯಬೇಡಿ. ಹೆಚ್ಚು ಅಪಾಯವಿರುವ ಕೆಲಸಗಾರರಿಗೆ ವೈದ್ಯರು ವಾರಕ್ಕೊಮ್ಮೆ ಮುಂಜಾಗ್ರತೆಯ ಮಾತ್ರೆ ಕೊಡುವುದೂ ಉಂಟು. ಗರ್ಭಿಣಿಯರು, ಮಕ್ಕಳು ಅದನ್ನು ತಾವಾಗಿಯೇ ತೆಗೆದುಕೊಳ್ಳಬಾರದು.

ಎರಡನೆಯದು ಡೆಂಗ್ಯೂ. ಇದನ್ನು ಹರಡುವ ಈಡಿಸ್ ಸೊಳ್ಳೆ ಕೊಳಚೆಗಿಂತ ನಿಂತ ಮಳೆನೀರನ್ನೇ ಇಷ್ಟಪಡುತ್ತದೆ. ಹಗಲು ಹೊತ್ತಿನಲ್ಲಿ ಕಚ್ಚುತ್ತದೆ. ರಬ್ಬರ್ ತೋಟದ ಹಾಲಿನ ಕಪ್ಪು, ಅಂಗಳದ ಗೆರಟೆ, ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಹಳೆಯ ಟಯರು, ಮುಚ್ಚದ ಡ್ರಮ್ಮು ಇವೆಲ್ಲ ಅದರ ಹೆರಿಗೆಮನೆಗಳು. ಸುಳ್ಯ, ಪುತ್ತೂರು, ಕಡಬದಲ್ಲಿ ರಬ್ಬರ್ ಹೆಚ್ಚಾಗಿರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಟ್ಯಾಪಿಂಗ್ ನಿಲ್ಲಿಸಿದ ಮರಗಳ ಕಪ್ಪುಗಳನ್ನು ಬೋರಲು ಹಾಕಿ. ಮೊಟ್ಟೆ ಒಡೆದು ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಬೇಕು. ಹಾಗಾಗಿ ವಾರಕ್ಕೊಂದು ದಿನ ಮನೆಯ ಸುತ್ತ ನಿಂತ ನೀರನ್ನೆಲ್ಲ ಚೆಲ್ಲಿದರೆ ಅರ್ಧ ಯುದ್ಧ ಗೆದ್ದಂತೆ.

ಡೆಂಗ್ಯೂವಿನಲ್ಲಿ ಜನ ಮೋಸ ಹೋಗುವುದು ಜ್ವರ ಬಿಟ್ಟ ದಿನ. ಸಾಮಾನ್ಯವಾಗಿ ಮೂರನೆಯ ದಿನದಿಂದ ಏಳನೆಯ ದಿನದೊಳಗೆ ಜ್ವರ ಇಳಿಯುತ್ತದೆ, ಅಪಾಯ ಏರುವುದು ಆಗಲೇ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಮಂಕು ಕವಿಯುವುದು ಕಂಡರೆ ಮಳೆ ಬಿಡಲೆಂದು ಕಾಯಬೇಡಿ. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ ಸಾಕು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ನೋವಿನ ಮಾತ್ರೆ, ಇಂಜೆಕ್ಷನ್‌ಗಳು ರಕ್ತಸ್ರಾವವನ್ನು ಹೆಚ್ಚಿಸಬಹುದು. ಪಪ್ಪಾಯಿ ಎಲೆಯ ರಸವನ್ನೇ ನಂಬಿ ಆಸ್ಪತ್ರೆಗೆ ಹೋಗುವುದನ್ನು ತಡಮಾಡಬಾರದು.

ನೆನಪಿಡಲು ಸುಲಭವಾದ ಸೂತ್ರ ಇಷ್ಟೇ: ಮಳೆಗಾಲದಲ್ಲಿ ಎರಡು ದಿನ ದಾಟಿದ ಯಾವ ಜ್ವರಕ್ಕೂ ರಕ್ತಪರೀಕ್ಷೆ ಆಗಬೇಕು. ಮಗು, ಗರ್ಭಿಣಿ, ವೃದ್ಧರು, ಸಕ್ಕರೆ ಕಾಯಿಲೆಯವರಾದರೆ ಮೊದಲ ದಿನವೇ ವೈದ್ಯರಿಗೆ ತೋರಿಸಿ.

ಕಾಲು ಮತ್ತು ಚರ್ಮ

ದಿನವಿಡೀ ಒದ್ದೆಯಾಗಿರುವ ಕಾಲ್ಬೆರಳ ಸಂದುಗಳು ಬೆಳ್ಳಗಾಗಿ, ಬಿರಿದು, ತುರಿಸುವುದು ಶಿಲೀಂಧ್ರದ ಸೋಂಕು. ಮನೆಗೆ ಬಂದೊಡನೆ ಕಾಲು ತೊಳೆದು, ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒರೆಸಿ. ತೊಡೆ ಸಂದಿಯ ಹುಳುಕಡ್ಡಿಗೆ ಅಂಗಡಿಯಲ್ಲಿ ಕೇಳಿ ತರುವ ಟ್ಯೂಬುಗಳಲ್ಲಿ ಹಲವಕ್ಕೆ ಸ್ಟೀರಾಯ್ಡ್ ಬೆರೆತಿರುತ್ತದೆ. ಹಚ್ಚಿದ ಮರುದಿನ ತುರಿಕೆ ನಿಲ್ಲುತ್ತದೆ, ಬಿಟ್ಟೊಡನೆ ಎರಡು ಪಟ್ಟಾಗಿ ಹರಡುತ್ತದೆ. ಕೊನೆಗೆ ತಿಂಗಳುಗಟ್ಟಲೆ ಔಷಧಿ ಬೇಕಾಗುತ್ತದೆ. ಒಬ್ಬರ ಟವೆಲನ್ನು ಇನ್ನೊಬ್ಬರು ಬಳಸಬೇಡಿ.

ಸಕ್ಕರೆ ಕಾಯಿಲೆಯವರು ಪ್ರತಿ ರಾತ್ರಿ ತಮ್ಮ ಪಾದಗಳನ್ನು ದೀಪದ ಬೆಳಕಿನಲ್ಲಿ ನೋಡಿಕೊಳ್ಳಬೇಕು. ಸ್ಪರ್ಶಜ್ಞಾನ ಕಡಿಮೆಯಾದ ಕಾಲಿಗೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಅವರಿಗೆ ಮಣ್ಣಿನಿಂದ ಬರುವ ಇನ್ನೊಂದು ಸೋಂಕಿನ ಭಯವೂ ಇದೆ. ಮೆಲಿಯಾಯ್ಡೋಸಿಸ್ ಎಂಬ ಈ ರೋಗ ಕರ್ನಾಟಕದ ಕರಾವಳಿಯಲ್ಲಿ ಮಳೆಗಾಲದಲ್ಲಿಯೇ ಹೆಚ್ಚಾಗಿ ಕಾಣಿಸುತ್ತದೆ. ದೀರ್ಘ ಜ್ವರ, ನ್ಯುಮೋನಿಯಾ, ಕೀವುಗಟ್ಟಿದ ಗಡ್ಡೆಗಳ ರೂಪದಲ್ಲಿ ಬಂದು ಕ್ಷಯರೋಗದಂತೆ ಭ್ರಮೆ ಹುಟ್ಟಿಸುವುದೂ ಉಂಟು. ಸಕ್ಕರೆ ಹಿಡಿತದಲ್ಲಿರುವುದು, ಬರಿಗಾಲಲ್ಲಿ ಕೆಸರಿಗೆ ಇಳಿಯದಿರುವುದು ಇದಕ್ಕೆ ಒಳ್ಳೆಯ ರಕ್ಷಣೆ.

ನೀರು ಮತ್ತು ಊಟ

ಮಳೆಗಾಲದಲ್ಲಿ ಬಾವಿ ತುಂಬಿರುತ್ತದೆ, ಆದರೆ ನೀರು ಶುದ್ಧವಿರುವುದಿಲ್ಲ. ಅಂಗಳದ ಮತ್ತು ಗೊಬ್ಬರದ ಗುಂಡಿಯ ನೀರು ಹರಿದು ಒಳಗೆ ಇಳಿಯುತ್ತದೆ. ವಾಂತಿಭೇದಿ, ಟೈಫಾಯ್ಡ್, ಕಾಮಾಲೆ ಹೀಗೆಯೇ ಬರುವುದು. ಬಾವಿಕಟ್ಟೆ ಎತ್ತರವಿರಲಿ. ಕುಡಿಯುವ ನೀರನ್ನು ಕೊತಕೊತನೆ ಕುದಿಸಿ ಆರಿಸಿ ಕುಡಿಯಿರಿ. ಉಗುರು ಬೆಚ್ಚಗೆ ಮಾಡಿದರೆ ಸಾಲದು. ಕುದಿ ಬಂದ ಮೇಲೆ ಒಂದು ನಿಮಿಷವಾದರೂ ಕುದಿಯಬೇಕು. ಭೇದಿಯಾದ ಮಗುವಿಗೆ ಒಂದು ಪೊಟ್ಟಣ ಓಆರ್‌ಎಸ್ ಅನ್ನು ಪೂರ್ತಿಯಾಗಿ ಒಂದು ಲೀಟರ್ ನೀರಿಗೆ ಬೆರೆಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಉಪ್ಪು ಹಾಕಿದ ಗಂಜಿತಿಳಿಯೂ ಆಗಬಹುದು. ಮೊಲೆಹಾಲು ನಿಲ್ಲಿಸಬಾರದು.

ಆಟಿ ತಿಂಗಳಿನ ಅಡುಗೆಯಲ್ಲಿ ಹಿರಿಯರ ವಿವೇಕ ಅಡಗಿದೆ. ಕುಚ್ಚಲಕ್ಕಿ ಗಂಜಿ, ತಗತೆ ಸೊಪ್ಪು, ಪತ್ರೊಡೆ, ಹಲಸಿನ ಬೀಜ ಒಳ್ಳೆಯ ಆಹಾರಗಳು. ಕೆಲವು ವಿಷಯಗಳಲ್ಲಿ ಮಾತ್ರ ಎಚ್ಚರ ಬೇಕು. ಎಳೆ ಕಣಿಲೆಯಲ್ಲಿ ಸಯನೈಡ್ ಉತ್ಪತ್ತಿ ಮಾಡುವ ಅಂಶವಿರುತ್ತದೆ. ಅದನ್ನು ನೀರಿನಲ್ಲಿ ನೆನೆಹಾಕಿ, ನೀರು ಬದಲಾಯಿಸಿ, ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ಉಪ್ಪಿನಕಾಯಿ, ಹಪ್ಪಳ, ಒಣಮೀನು, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ ರಕ್ತದೊತ್ತಡದವರಿಗೂ ಮೂತ್ರಪಿಂಡದ ತೊಂದರೆಯವರಿಗೂ ಆಗದು. ಗುರುತಿಲ್ಲದ ಅಣಬೆಯನ್ನು ಮುಟ್ಟಬೇಡಿ. ಬೇಯಿಸಿದರೂ ಅದರ ವಿಷ ಹೋಗಲಿಕ್ಕಿಲ್ಲ. ಆಟಿ ಅಮಾವಾಸ್ಯೆಯ ಪಾಲೆ ಮರದ ಕಷಾಯವನ್ನು ಶ್ರದ್ಧೆಯಿಂದ ಕುಡಿಯುವವರು ಒಂದು ಕೆಲಸ ಮಾಡಿ: ಹಿಂದಿನ ದಿನ ಹಗಲಿನಲ್ಲಿಯೇ ಮರವನ್ನು ಬಲ್ಲವರಿಂದ ಖಚಿತಪಡಿಸಿಕೊಂಡು ಗುರುತು ಹಾಕಿಡಿ. ಬೆಳಕು ಹರಿಯುವ ಮೊದಲು ಕತ್ತಲಲ್ಲಿ ಹೋಗಿ ತೊಗಟೆ ತೆಗೆಯುವಾಗ ಮರ ತಪ್ಪಿ, ಕಾಸರಕದಂತಹ ವಿಷವೃಕ್ಷದ ತೊಗಟೆ ಮನೆಗೆ ಬಂದರೆ ಇಡೀ ಕುಟುಂಬವೇ ಆಸ್ಪತ್ರೆ ಸೇರಬೇಕಾದೀತು. ಸಣ್ಣ ಮಕ್ಕಳಿಗೆ, ಗರ್ಭಿಣಿಯರಿಗೆ ಈ ಕಷಾಯ ಬೇಡ.

ತೋಟದ ಕೆಲಸ

ಕೊಳೆರೋಗ ತಡೆಯಲು ಮಳೆಗೆ ಮೊದಲು ಒಮ್ಮೆ, ಸುಮಾರು 40-45 ದಿನಗಳ ಬಳಿಕ ಇನ್ನೊಮ್ಮೆ ಬೋರ್ಡೋ ದ್ರಾವಣ ಬಿಡುವುದು ರೂಢಿ. ಎರಡನೆಯ ಸಲ ಮಳೆಯ ನಡುವಿನ ಬಿಸಿಲಿಗೆ ಕಾದು ಅವಸರದಲ್ಲಿ ಕೆಲಸವಾಗುತ್ತದೆ. ಜಾರುವ ಮರವನ್ನು ಏರುವುದು ಆಗಲೇ. ಬಿದ್ದವನನ್ನು ಕೈಕಾಲು ಹಿಡಿದು ಎತ್ತಿ ಜೀಪಿಗೆ ಹಾಕಬೇಡಿ. ಬೆನ್ನುಮೂಳೆ ಮುರಿದಿದ್ದರೆ ನರಹುರಿಗೆ ಪೆಟ್ಟಾಗಿ ಕಾಲುಗಳ ಬಲವೇ ಹೋದೀತು. ತಲೆ, ಕುತ್ತಿಗೆ, ಬೆನ್ನು ನೇರವಾಗಿರುವಂತೆ ನಾಲ್ಕು ಜನ ಸೇರಿ ಹಲಗೆಯ ಮೇಲೆ ಮಲಗಿಸಿ ಸಾಗಿಸಿ. ದೋಟಿ ಬಳಸುವವರು ಮೊದಲು ತಲೆಯ ಮೇಲೆ ವಿದ್ಯುತ್ ತಂತಿ ಇದೆಯೇ ನೋಡಿ. ಅಲ್ಯುಮಿನಿಯಂ ಮತ್ತು ಕಾರ್ಬನ್ ಫೈಬರ್ ದೋಟಿಗಳೆರಡೂ ವಿದ್ಯುತ್ತನ್ನು ಹರಿಸುತ್ತವೆ. ಮೈಲುತುತ್ತು ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ಶುದ್ಧನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಿ. ಮಕ್ಕಳ ಕೈಗೆ ಅದರ ಡಬ್ಬ ಸಿಗದಿರಲಿ.

ಬಿಲಗಳಿಗೆ ನೀರು ತುಂಬಿದಾಗ ಹಾವುಗಳು ಸೌದೆ ಕೊಟ್ಟಿಗೆ, ಮನೆ ಮೂಲೆಗೆ ಬರುತ್ತವೆ. ರಾತ್ರಿ ಹೊರಗೆ ಹೋಗುವಾಗ ಟಾರ್ಚು, ನೆಲದ ಮೇಲೆ ಮಲಗುವವರಿಗೆ ಸೊಳ್ಳೆಪರದೆ ಅವಶ್ಯ. ಕಡಿದರೆ ಕಟ್ಟುವುದು, ಕೊಯ್ಯುವುದು, ಚೀಪುವುದು ಬೇಡ. ಉಂಗುರ, ಬಳೆ ತೆಗೆಯಿರಿ. ಕಡಿದ ಕೈ ಅಥವಾ ಕಾಲನ್ನು ಅಲುಗದಂತೆ ಇರಿಸಿ ಆಸ್ಪತ್ರೆಗೆ ಕರೆದೊಯ್ಯಿರಿ. ಕಡಂಬಳದ ಕಡಿತ ನೋವಿಲ್ಲದೆ ಆಗಬಹುದು. ಬೆಳಿಗ್ಗೆ ಎದ್ದವರಿಗೆ ರೆಪ್ಪೆ ಜೋಲುವುದು, ನುಂಗಲು ಕಷ್ಟವಾಗುವುದು ಕಂಡರೆ ಅದನ್ನೂ ಶಂಕಿಸಬೇಕು. ಹಾವನ್ನು ಹುಡುಕಿ ಕೊಲ್ಲಲು ಸಮಯ ಕಳೆಯಬೇಡಿ. ಚಿಕಿತ್ಸೆ ರೋಗಿಯ ಲಕ್ಷಣ ನೋಡಿ ನಡೆಯುತ್ತದೆ.

ದಾರಿ ಕಡಿದಾಗ

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಸಂಪಾಜೆ ಘಾಟಿಯ ರಸ್ತೆ ಮುಚ್ಚಿತು. ಮನೆ ಬಿಟ್ಟು ಬಂದವರಿಗೆ ಸುಳ್ಯ ತಾಲ್ಲೂಕಿನಲ್ಲಿ ಆಶ್ರಯ ಕೇಂದ್ರಗಳನ್ನು ತೆರೆಯಬೇಕಾಯಿತು. 2022ರ ಆಗಸ್ಟ್ ಆರಂಭದಲ್ಲಿ ಸುಬ್ರಹ್ಮಣ್ಯದಲ್ಲಿ ಮನೆಯ ಮೇಲೆ ಗುಡ್ಡ ಜರಿದು ಇಬ್ಬರು ಬಾಲಕಿಯರು ತೀರಿಕೊಂಡರು. ಗುಡ್ಡದ ಬುಡದಲ್ಲಿ ಮನೆಯಿರುವವರು ಕೆಲವು ಸೂಚನೆಗಳನ್ನು ಅರಿತಿರಬೇಕು: ನೆಲದಲ್ಲಿ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಂಪಾದ ಅಥವಾ ನಿಂತುಹೋದ ಒರತೆ. ಇವು ಕಂಡರೆ ಸಾಮಾನು ಕಟ್ಟಲು ನಿಲ್ಲದೆ ಮನೆ ಬಿಡಿ. ಉಕ್ಕಿ ಹರಿಯುವ ತೋಡನ್ನು ದಾಟುವ ಸಾಹಸ ಬೇಡ. ಮೊಣಕಾಲೆತ್ತರದ ನೀರಾದರೂ ಸೆಳೆತವಿದ್ದರೆ ಗಟ್ಟಿ ಆಳನ್ನೂ ಕೆಡವುತ್ತದೆ. ಅಡಿಕೆ ಮರದ ಕಾಲುಸಂಕದಲ್ಲಿ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ.

ದಾರಿ ಕಡಿಯುವ ಊರಿನವರು ಮೇ ತಿಂಗಳಿನಲ್ಲಿಯೇ ಮಾಡಬೇಕಾದ ಕೆಲಸಗಳಿವು. ರಕ್ತದೊತ್ತಡ, ಸಕ್ಕರೆ, ಹೃದಯ, ಅಪಸ್ಮಾರದ ಔಷಧಿಗಳು ಕನಿಷ್ಠ ಹದಿನೈದು ದಿನಕ್ಕಾಗುವಷ್ಟು ಸದಾ ಮನೆಯಲ್ಲಿರಲಿ. ಓಆರ್‌ಎಸ್, ಪ್ಯಾರಸಿಟಮಾಲ್, ಗಾಯ ಕಟ್ಟುವ ಬಟ್ಟೆ, ಥರ್ಮಾಮೀಟರ್, ಟಾರ್ಚು ಒಂದೇ ಡಬ್ಬದಲ್ಲಿರಲಿ. ಕರೆಂಟು ಹೋದರೆ ಇನ್ಸುಲಿನ್ ಕೆಟ್ಟಿತೆಂದು ಹೆದರಬೇಡಿ. ಬಳಕೆಯಲ್ಲಿರುವ ಬಾಟಲಿ ಬಿಸಿಲು, ಒಲೆಯ ಶಾಖ ತಾಗದ ತಂಪು ಜಾಗದಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಉಳಿಯುತ್ತದೆ. ನೀರು ತುಂಬಿದ ಮಣ್ಣಿನ ಮಡಕೆಯ ಪಕ್ಕದಲ್ಲಿ, ಒದ್ದೆಯಾಗದ ಡಬ್ಬದಲ್ಲಿಟ್ಟರಾಯಿತು. ಗರ್ಭಿಣಿಯನ್ನು ದಿನ ತುಂಬುವ ಎರಡು ವಾರ ಮೊದಲೇ ಆಸ್ಪತ್ರೆಗೆ ಹತ್ತಿರದ ನೆಂಟರ ಮನೆಯಲ್ಲಿ ಇರಿಸಿ. ಡಯಾಲಿಸಿಸ್ ಬೇಕಾದವರಿಗೂ ಹೀಗೆಯೇ. ಊರಿನ ಆಶಾ ಕಾರ್ಯಕರ್ತೆಯ, ಜೀಪು ಇರುವವರ ನಂಬರು, ಆಂಬುಲೆನ್ಸಿನ 108 ಎಲ್ಲವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ದೊಡ್ಡದಾಗಿ ಬರೆದಿಡಿ. ಪುತ್ತೂರು ಮತ್ತು ಸುಳ್ಯದ ಸರಕಾರಿ ಆಸ್ಪತ್ರೆ, ಕಡಬದ ಸಮುದಾಯ ಆರೋಗ್ಯ ಕೇಂದ್ರ ಇವುಗಳಲ್ಲಿ ನಿಮ್ಮ ಮನೆಯಿಂದ ಮಳೆಯ ದಿನವೂ ತಲುಪಬಹುದಾದದ್ದು ಯಾವುದು, ಯಾವ ದಾರಿಯಲ್ಲಿ ಎಂದು ಮೊದಲೇ ತೀರ್ಮಾನಿಸಿರಿ.

ಮನಸ್ಸಿನ ಮಳೆಗಾಲ

ವಾರಗಟ್ಟಲೆ ಸೂರ್ಯನ ಮುಖ ಕಾಣದ ಆಟಿಯಲ್ಲಿ ಮದುವೆ ಮುಂಜಿಗಳಿಲ್ಲ, ನೆಂಟರು ಬರುವುದಿಲ್ಲ. ಒಂಟಿಮನೆಯ ವೃದ್ಧರಿಗೆ ದಿನ ದೂಡುವುದೇ ಕಷ್ಟ. ಇತ್ತ ಕೊಳೆರೋಗದಿಂದ ಅಡಿಕೆ ಉದುರುತ್ತಿದ್ದರೆ, ಹಳದಿ ಎಲೆ ರೋಗಕ್ಕೆ ತೋಟವೇ ಬರಿದಾಗುತ್ತಿದ್ದರೆ ಕೃಷಿಕನ ಎದೆಯ ಭಾರವನ್ನು ಹೇಳುವುದು ಬೇಡ. ನಿದ್ದೆಗೆಡುವುದು, ಊಟ ಬಿಡುವುದು, ಯಾರಲ್ಲೂ ಮಾತಾಡದಿರುವುದು, "ಇನ್ನು ಇದ್ದು ಏನು" ಎಂಬ ಮಾತು ಇವನ್ನು ಹಗುರವಾಗಿ ಕಾಣಬೇಡಿ. ಇದು ಸೋಮಾರಿತನವಲ್ಲ, ಚಿಕಿತ್ಸೆಯಿರುವ ಕಾಯಿಲೆ. ಪಕ್ಕದಲ್ಲಿ ಕುಳಿತು ಕೇಳಿ, ಕೀಟನಾಶಕದ ಡಬ್ಬಗಳನ್ನು ಬೀಗ ಹಾಕಿಡಿ, ವೈದ್ಯರ ಬಳಿ ಕರೆದುಕೊಂಡು ಹೋಗಿ. 14416 ಎಂಬ ಟೆಲಿಮಾನಸ್ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಮಳೆಯಿಲ್ಲದೆ ನಮ್ಮ ತೋಟವಿಲ್ಲ, ಗದ್ದೆಯಿಲ್ಲ, ಬೇಸಿಗೆಯ ಬಾವಿಯಲ್ಲಿ ನೀರಿಲ್ಲ. ಅದನ್ನು ಶಪಿಸಿ ಫಲವಿಲ್ಲ, ಅದರೊಡನೆ ಬಾಳುವುದನ್ನು ನಮ್ಮ ಹಿರಿಯರು ಕಲಿತಿದ್ದರು. ಅವರ ಕಾಲದಲ್ಲಿ ಇಲ್ಲದ ರಕ್ತಪರೀಕ್ಷೆ, ಔಷಧಿ, ವಾಹನ, ಫೋನು ನಮಗಿವೆ. ಇವುಗಳ ಪ್ರಯೋಜನ ಸಿಗುವುದು ಸಮಯಕ್ಕೆ ಹೊರಟವರಿಗೆ ಮಾತ್ರ. ಆದ್ದರಿಂದ ಸೌದೆ, ಹಪ್ಪಳಗಳ ಲೆಕ್ಕದ ಜೊತೆಗೆ ಈ ಸಲ ಔಷಧಿಯ ಡಬ್ಬವನ್ನೂ ಒಮ್ಮೆ ತೆರೆದು ನೋಡಿ. ಮನೆಯಲ್ಲಿ ಯಾರಿಗಾದರೂ ಜ್ವರವಿದ್ದರೆ ಮಳೆ ನಿಲ್ಲಲೆಂದು ಕಾಯದೆ, ದಾರಿ ತೆರೆದಿರುವಾಗಲೇ ಕೊಡೆ ಹಿಡಿದು ಹೊರಡಿ.